ಬ್ಯಾಕಪ್ ಫೈಲ್‌ಗಳ ತೆರವು ಮತ್ತು ಕಮಾಂಡ್ ಲೈನ್‌ನ ವ್ಯಾಕರಣ

(ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಸಣ್ಣ ಮುದ್ರಣಾಲಯ, ಪ್ರಕಾಶನ ಮತ್ತು ಶಾಲಾ ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರ ಸಭೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ. ಕಮಾಂಡ್‌ಗಳನ್ನು ಅಂದು ಉಚ್ಚರಿಸಿದಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಕೊಡುವಾಗ ಅವನ್ನು ರೋಮನ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.)

ಸಭಿಕರೇ, ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಯಾವುದಾದರೊಂದು ಕಚೇರಿಯ ಸರ್ವರ್ ಅನ್ನು, ಅದು ಆ ಹೆಸರಿಗೆ ತಕ್ಕದ್ದಾಗಿರಲಿ ಅಥವಾ ಮೇಜಿನ ಕೆಳಗೆ ಧೂಳು ಹಿಡಿದು ಕುಳಿತ ಹಳೆಯ ಡೆಸ್ಕ್‌ಟಾಪ್ ಆಗಿರಲಿ, ನೋಡಿಕೊಳ್ಳುತ್ತಿರುವವರು. ಡಿಸ್ಕ್ ತುಂಬಿತೆಂಬ ದೂರು ಬಂದಾಗ ನಮ್ಮ ಊರಿನಲ್ಲಿ ಒಂದು ಸುಲಭದ ಪರಿಹಾರವಿದೆ: ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ಹಾರ್ಡ್ ಡಿಸ್ಕ್ ತಂದು ಜೋಡಿಸುವುದು. ಹಣವಿರುವ ತನಕ ಇದು ಕೆಟ್ಟ ಪರಿಹಾರವೇನಲ್ಲ. ಆದರೆ ಹಾಗೆ ಮಾಡುತ್ತಾ ಹೋದ ಕಚೇರಿಯಲ್ಲಿ ಕೆಲವು ವರ್ಷಗಳ ನಂತರ ಬ್ಯಾಕಪ್ ಎಂಬ ಹೆಸರಿನ ಫೋಲ್ಡರ್‌ಗಳು ಎಷ್ಟಿವೆ, ಅವುಗಳಲ್ಲಿ ಯಾವುದು ಯಾವುದರ ಪ್ರತಿ ಎಂದು ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ. ಆಗ ಒಂದು ದಿನ ಯಾರೋ ಧೈರ್ಯ ಮಾಡಿ ತೆರವಿಗೆ ಕೈ ಹಾಕುತ್ತಾರೆ. ಆ ದಿನ ಆಗುವ ಅನಾಹುತಗಳಲ್ಲಿ ಬಹುಪಾಲು ಕಮಾಂಡ್‌ನ ಆಪ್ಷನ್‌ಗಳನ್ನು, ಅಂದರೆ ಅದರ ವರ್ತನೆ ಬದಲಿಸಲು ಜೊತೆಗೆ ಬರೆಯುವ ಸೂಚನೆಗಳನ್ನು, ಅರೆಬರೆ ತಿಳಿದಿದ್ದರಿಂದ ಆಗುವಂಥವು. ಆದ್ದರಿಂದ ಈ ಎರಡು ವಿಷಯಗಳನ್ನು ಒಟ್ಟಿಗೆ ಇಟ್ಟುಕೊಂಡು ಮಾತನಾಡಲು ಬಯಸುತ್ತೇನೆ.

ಮೊದಲು ಈ ರಾಶಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಎಲ್ಲ ಪ್ರತಿಗಳನ್ನೂ ನಾವೇ ಮಾಡಿದ್ದಲ್ಲ. ಈಮ್ಯಾಕ್ಸ್ ಎಡಿಟರ್ ಒಂದು ಫೈಲ್ ಅನ್ನು ಮೊದಲ ಸಲ ಉಳಿಸುವಾಗ ಹಳೆಯ ರೂಪವನ್ನು ಹೆಸರಿನ ಕೊನೆಗೆ ಟಿಲ್ಡೆ, ಅಂದರೆ '~' ಚಿಹ್ನೆ, ಸೇರಿಸಿ ಪಕ್ಕದಲ್ಲೇ ಇಡುತ್ತದೆ. ಸಂಖ್ಯೆ ಹಾಕುವ ವ್ಯವಸ್ಥೆಯನ್ನು ಆರಿಸಿಕೊಂಡರೆ '.~1~', '.~2~' ಎಂದು ಸಾಲು ಬೆಳೆಯುತ್ತದೆ. ಮುಕ್ತ ತಂತ್ರಾಂಶ ಯೋಜನೆಯಾದ ಗ್ನೂ ಪಂಗಡದ, ಫೈಲ್ ಪ್ರತಿ ಮಾಡುವ ಸಿಪಿ ಮತ್ತು ಜಾಗ ಬದಲಿಸುವ ಎಂವಿ ಕಮಾಂಡ್‌ಗಳಿಗೂ '--ಬ್ಯಾಕಪ್' ಎಂಬ ಆಪ್ಷನ್ ಇದ್ದು, ಅವು ಇದೇ ಪದ್ಧತಿಯನ್ನು ಅನುಸರಿಸುತ್ತವೆ. ತಿದ್ದುಪಡಿಗಳನ್ನು ಫೈಲ್‌ಗೆ ಸೇರಿಸುವ ಪ್ಯಾಚ್ ಎಂಬುದು ಕೆಲವೊಮ್ಮೆ 'ಡಾಟ್ ಓರಿಗ್' ಎಂಬ ಬಾಲ ಅಂಟಿಸಿದ ಫೈಲ್‌ಗಳನ್ನು ಬಿಟ್ಟು ಹೋಗುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ತಂತ್ರಾಂಶವನ್ನು ಹೊಸದಾಗಿಸುವಾಗ ಸೆಟ್ಟಿಂಗ್ ಫೈಲ್‌ಗಳ ಹಳೆಯ ಪ್ರತಿಗಳು 'ಡಾಟ್ ಡಿಪಿಕೆಜಿ-ಓಲ್ಡ್' ಎಂಬ ಬಾಲದೊಂದಿಗೆ ಉಳಿಯುತ್ತವೆ. ಇವೆಲ್ಲದರ ಮೇಲೆ ರಾತ್ರಿ ತಾನಾಗಿ ನಡೆಯುವ ಡೇಟಾಬೇಸ್ ಪ್ರತಿಗಳಿವೆ. ಅವುಗಳ ಮೇಲೆ ನಮ್ಮ ಮುದ್ರಣಾಲಯಗಳ ಅಚ್ಚುಮೆಚ್ಚಿನ 'ಫೈನಲ್', 'ಫೈನಲ್ 2', 'ಕರೆಕ್ಷನ್ ಆದ ಫೈನಲ್' ಇವೆ. ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್‌ಗೆ ದೊಡ್ಡ 'ಬಿ' ಆಪ್ಷನ್ ಕೊಟ್ಟರೆ ಟಿಲ್ಡೆಯಿಂದ ಕೊನೆಯಾಗುವ ಹೆಸರುಗಳು ಕಣ್ಣಿಗೆ ಬೀಳುವುದಿಲ್ಲ. ಕೆಲವರು ಇದನ್ನು ಅಲಿಯಾಸ್ ಮಾಡಿ, ಅಂದರೆ ಪ್ರತಿ ಸಲ ತಾನಾಗಿ ಅನ್ವಯಿಸುವಂತೆ ಮಾಡಿಟ್ಟುಕೊಂಡು, ತಮ್ಮ ಫೋಲ್ಡರ್ ಸ್ವಚ್ಛವಾಗಿದೆ ಎಂದು ವರ್ಷಗಟ್ಟಲೆ ನೆಮ್ಮದಿಯಿಂದ ಇರುತ್ತಾರೆ.

ಹೀಗಾಗಿ ತೆರವಿನ ಮೊದಲ ಪ್ರಶ್ನೆ 'ಎಷ್ಟು ಹಳೆಯದು' ಎಂಬುದಲ್ಲ, 'ಯಾರು ಹುಟ್ಟಿಸಿದ್ದು' ಎಂಬುದು. ಎಡಿಟರ್ ಬಿಟ್ಟುಹೋದ ಟಿಲ್ಡೆ ಫೈಲ್ ಅನ್ನು ಸಾಮಾನ್ಯವಾಗಿ ಯೋಚಿಸದೆ ತೆಗೆಯಬಹುದು. 'ಕರೆಕ್ಷನ್ ಆದ ಫೈನಲ್' ಎಂಬುದನ್ನು ತೆಗೆಯುವ ಮೊದಲು ಪ್ರೂಫ್ ನೋಡಿದವರನ್ನು ಕೇಳಬೇಕಾಗುತ್ತದೆ, ಏಕೆಂದರೆ ಅಲ್ಲಿ ಹೆಸರು ಏನನ್ನೂ ಖಾತ್ರಿಪಡಿಸುವುದಿಲ್ಲ.

ಇನ್ನು ಆಪ್ಷನ್‌ಗಳ ವಿಷಯ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬೆಳೆಯುತ್ತಿದ್ದಾಗ ಒಂದು ಮೈನಸ್ ಚಿಹ್ನೆ ಮತ್ತು ಒಂದು ಅಕ್ಷರದಿಂದ ಕಮಾಂಡ್‌ನ ವರ್ತನೆಯನ್ನು ಬದಲಿಸುವ ರೂಢಿ ಬಂದಿತು. ಆದರೆ ಪ್ರತಿಯೊಂದು ಕಮಾಂಡ್ ಅನ್ನು ಬರೆದವರೂ ತಮ್ಮದೇ ರೀತಿಯಲ್ಲಿ ಅದನ್ನು ಓದಿಕೊಳ್ಳುತ್ತಿದ್ದರು. ಆಪ್ಷನ್‌ಗಳನ್ನು ಒಂದೇ ಬಗೆಯಲ್ಲಿ ಬಿಡಿಸಿ ಓದುವ ಗೆಟ್‌ಆಪ್ಟ್ ಎಂಬ ಸಾಮಾನ್ಯ ಸಾಧನ ಹರಡಿದ್ದು 1980ರ ದಶಕದಲ್ಲಿ. ಆ ಬಳಿಕ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆಂದು ರೂಪಿಸಿದ 1992ರ ಪಾಸಿಕ್ಸ್ ಮಾನಕವು ಇದನ್ನು ನಿಯಮಗಳ ರೂಪದಲ್ಲಿ ಬರೆದಿಟ್ಟಿತು: ಆಪ್ಷನ್ ಒಂದಕ್ಷರದ್ದಾಗಿರಬೇಕು, ಬೆಲೆ (ಜೊತೆಗೆ ಕೊಡಬೇಕಾದ ಹೆಸರು ಅಥವಾ ಸಂಖ್ಯೆ) ಬೇಡದ ಆಪ್ಷನ್‌ಗಳನ್ನು ಒಂದೇ ಮೈನಸ್‌ನ ಹಿಂದೆ ಒಟ್ಟುಗೂಡಿಸಬಹುದು, ಆಪ್ಷನ್‌ಗಳೆಲ್ಲ ಫೈಲ್ ಹೆಸರುಗಳಿಗಿಂತ ಮುಂಚೆ ಬರಬೇಕು, ಬರಿಯ ಎರಡು ಮೈನಸ್‌ಗಳು ಬಂದರೆ ಅಲ್ಲಿಗೆ ಆಪ್ಷನ್‌ಗಳು ಮುಗಿದವು, ಮುಂದಿನದೆಲ್ಲ ಹೆಸರುಗಳೇ ಎಂದು ತಿಳಿಯಬೇಕು. ಎರಡು ಮೈನಸ್‌ಗಳ ಹಿಂದೆ ಪೂರ್ಣ ಪದವನ್ನು ಬರೆಯುವ ಉದ್ದನೆಯ ಆಪ್ಷನ್‌ಗಳು ಗ್ನೂ ಯೋಜನೆಯ ಕೊಡುಗೆ. ಪ್ರತಿಯೊಂದು ಪ್ರೋಗ್ರಾಮ್ '--ಹೆಲ್ಪ್' ಮತ್ತು '--ವರ್ಷನ್' ಎಂಬ ಎರಡಕ್ಕಾದರೂ ಉತ್ತರಿಸಬೇಕೆಂಬುದು ಅವರ ಬರವಣಿಗೆಯ ನಿಯಮಗಳಲ್ಲಿದೆ. ಜೊತೆಗೆ ಗ್ನೂ ಒಂದು ಸಡಿಲಿಕೆಯನ್ನೂ ತಂದಿತು: ಆಪ್ಷನ್ ಅನ್ನು ಫೈಲ್ ಹೆಸರಿನ ನಂತರ ಬರೆದರೂ ಅದನ್ನು ಆಪ್ಷನ್ ಎಂದೇ ಓದಲಾಗುತ್ತದೆ. ಅನುಕೂಲಕರವೆಂದು ಕಾಣುವ ಈ ಸಡಿಲಿಕೆಯ ಬೆಲೆಯನ್ನು ಮುಂದೆ ನೋಡೋಣ.

ನಾನು ಇಂದು ಹೇಳಬೇಕೆಂದಿರುವುದು ಇಷ್ಟು: ಈ ವ್ಯಾಕರಣವನ್ನು ನಂಬಬಹುದು, ಅಕ್ಷರಗಳನ್ನು ನಂಬಲಾಗದು. 'ಎನ್' ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಮೇಕ್, ಫೋಲ್ಡರ್‌ಗಳನ್ನು ಪ್ರತಿ ಮಾಡುವ ಆರ್‌ಸಿಂಕ್ ಮತ್ತು ಗಿಟ್ ಕ್ಲೀನ್‌ಗಳಲ್ಲಿ ಅದರ ಅರ್ಥ 'ಏನು ಮಾಡುವೆ ಎಂದು ಹೇಳು, ಮಾಡಬೇಡ' ಎಂದು. ಸಿಪಿಯಲ್ಲಿ ಇರುವ ಫೈಲ್ ಮೇಲೆ ಬರೆಯಬೇಡ ಎಂದು. ಸಾರ್ಟ್‌ನಲ್ಲಿ ಸಂಖ್ಯೆಗಳೆಂದು ಎಣಿಸು, ಗ್ರೆಪ್‌ನಲ್ಲಿ ಸಾಲಿನ ಸಂಖ್ಯೆ ತೋರಿಸು, ಹೆಡ್‌ನಲ್ಲಿ ಇಷ್ಟು ಸಾಲು ಕೊಡು. 'ಎಫ್' ಎಂಬುದು ಆರ್‌ಎಂನಲ್ಲಿ ಪ್ರಶ್ನೆ ಕೇಳದೆ ಅಳಿಸು ಎಂದಾದರೆ ಹಲವು ಫೈಲ್‌ಗಳನ್ನು ಒಂದೇ ಕಟ್ಟಾಗಿಸುವ ಟಾರ್‌ನಲ್ಲಿ 'ಇದೇ ಕಟ್ಟಿನ ಹೆಸರು' ಎಂದು. ಆರ್‌ಸಿಂಕ್‌ನಲ್ಲಿ 'ಮೈನಸ್ ಎನ್' ಹಾಕಿ ಅಭ್ಯಾಸವಾದ ಕೈ, ಬೇರೊಂದು ಕಮಾಂಡ್‌ನಲ್ಲೂ ಅದು ರಕ್ಷಿಸುತ್ತದೆ ಎಂದು ಭಾವಿಸಿದರೆ, ಆ ಭಾವನೆಗೆ ಯಾವ ಆಧಾರವೂ ಇಲ್ಲ. ಸ್ಕ್ರಿಪ್ಟ್‌ಗಳಲ್ಲಿ, ಅದರಲ್ಲೂ ಅಳಿಸುವ ಸ್ಕ್ರಿಪ್ಟ್‌ಗಳಲ್ಲಿ, ಒಂದಕ್ಷರದ ಬದಲು '--ಡ್ರೈ-ರನ್' ಎಂದು ಪೂರ್ತಿಯಾಗಿ ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಹಾಗೆ ಬರೆದರೆ, ಆ ಆಪ್ಷನ್ ಇಲ್ಲದ ಪ್ರೋಗ್ರಾಮ್ ತನಗೆ ತಿಳಿಯದೆಂದು ಹೇಳಿ ನಿಲ್ಲುತ್ತದೆ. ಒಂದಕ್ಷರವನ್ನಾದರೆ ತನಗೆ ತೋಚಿದ ಅರ್ಥದಲ್ಲಿ ತೆಗೆದುಕೊಂಡು ಕೆಲಸ ಮುಂದುವರಿಸುತ್ತದೆ.

ಅಕ್ಷರಗಳು ಒಟ್ಟುಗೂಡಿದಾಗ ಇನ್ನೊಂದು ತೊಡಕಿದೆ. ಬೆಲೆ ಬೇಡುವ ಆಪ್ಷನ್ ಗುಂಪಿನ ಕೊನೆಯಲ್ಲಿರಬೇಕು. 'ಟಾರ್ -ಸಿವಿಎಫ್' ಎಂದು ಬರೆದು ಕಟ್ಟಿನ ಹೆಸರು ಕೊಟ್ಟರೆ ಸರಿ. ಅದನ್ನೇ 'ಟಾರ್ -ಸಿಎಫ್‌ವಿ' ಎಂದು ಬರೆದರೆ, 'ಎಫ್'ನ ನಂತರ ಅಂಟಿಕೊಂಡಿರುವ 'ವಿ'ಯೇ ಕಟ್ಟಿನ ಹೆಸರಾಗುತ್ತದೆ. ಹಳೆಯ ಸರ್ವರ್‌ಗಳಲ್ಲಿ 'ವಿ' ಎಂಬ ಒಂದಕ್ಷರದ ದೊಡ್ಡ ಫೈಲ್ ಕಂಡರೆ ಅದು ಯಾರೋ ಮಾಡಿದ ಬ್ಯಾಕಪ್ ಎಂದು ತಿಳಿಯಿರಿ. 'ಟಾರ್ -ಟಿಎಫ್' ಎಂದು ಕೇಳಿ ಒಳಗೇನಿದೆ ಎಂದು ನೋಡದೆ ಎಸೆಯಬೇಡಿ. ವಿಚಿತ್ರವೆಂದರೆ, ಮೈನಸ್ಸೇ ಇಲ್ಲದ ಹಳೆಯ ಶೈಲಿಯಲ್ಲಿ 'ಟಾರ್ ಸಿಎಫ್‌ವಿ' ಎಂದು ಬರೆದರೆ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ.

ಆಪ್ಷನ್‌ನ ತಪ್ಪು ಓದಿಕೆಯೇ ಬ್ಯಾಕಪ್ ಕಸವನ್ನು ಹುಟ್ಟಿಸುವ ಬಗೆಯನ್ನು, ಪಠ್ಯ ತಿದ್ದುವ ಸೆಡ್ ಕಮಾಂಡ್‌ನಲ್ಲಿ ಹತ್ತಿರದಿಂದ ನೋಡಬಹುದು. ಫೈಲ್‌ನೊಳಗೇ ತಿದ್ದಲು ಸೆಡ್‌ಗೆ 'ಮೈನಸ್ ಐ' ಕೊಡುತ್ತೇವೆ. ಹಳೆಯ ಪ್ರತಿ ಉಳಿಯಬೇಕಿದ್ದರೆ ಅದಕ್ಕೆ ಬಾಲವಾಗಿ ಏನಿರಬೇಕೆಂದೂ ಇಲ್ಲಿಯೇ ಹೇಳಬಹುದು. ಲಿನಕ್ಸ್‌ನ ಗ್ನೂ ಸೆಡ್‌ನಲ್ಲಿ ಆ ಬಾಲ ಐಚ್ಛಿಕ. ಕೊಡುವುದಾದರೆ 'ಐ'ಗೆ ಅಂಟಿಸಿ ಕೊಡಬೇಕು. ಮ್ಯಾಕ್‌ನಲ್ಲಿರುವ ಬಿಎಸ್‌ಡಿ ಸೆಡ್‌ನಲ್ಲಿ ಬಾಲ ಕಡ್ಡಾಯ. ಅಂಟಿಸದಿದ್ದರೆ ಮುಂದಿನ ಪದವನ್ನೇ ಬಾಲವೆಂದು ಎತ್ತಿಕೊಳ್ಳುತ್ತದೆ. ಆದ್ದರಿಂದ ಲಿನಕ್ಸ್‌ನಲ್ಲಿ ನಿರುಪದ್ರವಿಯಾದ 'ಸೆಡ್ -ಐ -ಇ' ಎಂಬ ಸಾಲನ್ನು ಮ್ಯಾಕ್‌ನಲ್ಲಿ ಓಡಿಸಿದರೆ, ಮುಟ್ಟಿದ ಪ್ರತಿ ಫೈಲ್‌ನ ಪಕ್ಕದಲ್ಲೂ ಹೆಸರಿನ ಕೊನೆಗೆ '-ಇ' ಅಂಟಿದ ಪ್ರತಿಯೊಂದು ಹುಟ್ಟುತ್ತದೆ. ಲಿನಕ್ಸ್‌ನವರು ನಗುವ ಹಾಗಿಲ್ಲ: ಅಲ್ಲಿ ಎರಡನ್ನೂ ಒಟ್ಟುಗೂಡಿಸಿ 'ಸೆಡ್ -ಐಇ' ಎಂದು ಬರೆದರೆ, ಹೆಸರಿನ ಕೊನೆಗೆ ಬರಿಯ 'ಇ' ಅಂಟಿದ ಪ್ರತಿಗಳು ಹುಟ್ಟುತ್ತವೆ. ವಿನ್ಯಾಸಕಾರರು ಮ್ಯಾಕ್‌ನಲ್ಲಿ, ಸರ್ವರ್ ಲಿನಕ್ಸ್‌ನಲ್ಲಿ ಇರುವ ಬೆಂಗಳೂರಿನ ಅನೇಕ ಕಚೇರಿಗಳಲ್ಲಿ ಈ ಎರಡೂ ಬಗೆಯ ಬಾಲಗಳು ಒಂದೇ ಫೋಲ್ಡರ್‌ನಲ್ಲಿ ಸಿಗುತ್ತವೆ, ಮತ್ತು ಅವು ಯಾವ ತಂತ್ರಾಂಶದ ಫೈಲ್‌ಗಳೋ ಎಂದು ಹೆದರಿ ಯಾರೂ ಮುಟ್ಟಿರುವುದಿಲ್ಲ.

ಈಗ ಅಳಿಸುವಿಕೆಗೆ ಬರೋಣ. ಟಿಲ್ಡೆ ಫೈಲ್‌ಗಳನ್ನು ತೆಗೆಯಲು ಎಲ್ಲರಿಗೂ ತಿಳಿದಿರುವ ದಾರಿ 'ಆರ್‌ಎಂ' ಎಂದು ಬರೆದು, ನಕ್ಷತ್ರ ಚಿಹ್ನೆಯನ್ನೂ ಟಿಲ್ಡೆಯನ್ನೂ ಕೂಡಿಸಿ '*~' ಎಂದು ಕೊಡುವುದು. ಇವೆರಡರ ನಡುವೆ ಕೈತಪ್ಪಿ ಒಂದು ಖಾಲಿ ಜಾಗ ಬಿದ್ದರೆ ನಕ್ಷತ್ರ ಎಂದರೆ ಇಲ್ಲಿರುವ ಎಲ್ಲ ಫೈಲ್‌ಗಳು, ಒಂಟಿ ಟಿಲ್ಡೆ ಎಂದರೆ ನಿಮ್ಮ ಹೋಮ್ ಡೈರೆಕ್ಟರಿ. ಜೊತೆಗೆ 'ಮೈನಸ್ ಆರ್' ಕೂಡ ಇದ್ದರೆ ಎರಡೂ ಹೋದವು. ಇಲ್ಲಿ ಗಮನಿಸಬೇಕಾದದ್ದು, ನಕ್ಷತ್ರವನ್ನು ಬಿಡಿಸುವುದು ಶೆಲ್, ಅಂದರೆ ನಾವು ಟೈಪ್ ಮಾಡಿದ ಸಾಲನ್ನು ಓದಿ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಮ್, ಆರ್‌ಎಂ ಅಲ್ಲ. ಆರ್‌ಎಂಗೆ ತಲುಪುವುದು ಬಿಡಿಸಿದ ಹೆಸರುಗಳ ಪಟ್ಟಿ ಮಾತ್ರ. ಆದ್ದರಿಂದಲೇ, ಮೈನಸ್‌ನಿಂದ ಆರಂಭವಾಗುವ ಹೆಸರಿನ ಫೈಲ್ ಒಂದಿದ್ದರೆ ಅದು ಪಟ್ಟಿಯೊಳಗಿಂದ ಆಪ್ಷನ್ ಆಗಿ ಎದ್ದು ಬರುತ್ತದೆ. ಗ್ನೂ ಸಡಿಲಿಕೆಯ ಬೆಲೆ ಎಂದು ಹೇಳಿದ್ದು ಇದನ್ನೇ: ಪಟ್ಟಿಯ ನಡುವೆ ಎಲ್ಲಿದ್ದರೂ ಅದು ಆಪ್ಷನ್ನೇ. ಇದಕ್ಕೆ ಮದ್ದು ವ್ಯಾಕರಣದಲ್ಲಿಯೇ ಇದೆ. ಹೆಸರುಗಳಿಗೆ ಮುಂಚೆ ಎರಡು ಮೈನಸ್ ಇಡಬೇಕು, ಅಥವಾ ಹೆಸರನ್ನು ಚುಕ್ಕೆ ಮತ್ತು ಓರೆಗೆರೆಯಿಂದ ಆರಂಭಿಸಬೇಕು.

ಆರ್‌ಎಂಗೆ ತನ್ನದೇ ಆದ ರಕ್ಷಣೆಗಳಿವೆ. ಗ್ನೂ ಆವೃತ್ತಿಯು 2006ರಿಂದ ಮೂಲ ಡೈರೆಕ್ಟರಿಯನ್ನು, ಅಂದರೆ ಒಂಟಿ ಓರೆಗೆರೆಯನ್ನು, ಅಳಿಸಲು ತಾನಾಗಿ ಒಪ್ಪುವುದಿಲ್ಲ. ಆದರೆ ಓರೆಗೆರೆಯ ಮುಂದೆ ನಕ್ಷತ್ರವಿದ್ದರೆ ಶೆಲ್ ಅದನ್ನು ಒಳಗಿನ ಡೈರೆಕ್ಟರಿಗಳ ಪಟ್ಟಿಯಾಗಿ ಬಿಡಿಸಿ ಕೊಡುತ್ತದೆ; ಆಗ ಈ ರಕ್ಷಣೆಯ ಪ್ರಶ್ನೆಯೇ ಏಳುವುದಿಲ್ಲ. 2015ರ ಜನವರಿಯಲ್ಲಿ ಲಿನಕ್ಸ್‌ಗಾಗಿ ವಾಲ್ವ್ ಕಂಪನಿ ಕೊಡುತ್ತಿದ್ದ ಸ್ಟೀಮ್ ತಂತ್ರಾಂಶದ ಸ್ಕ್ರಿಪ್ಟ್‌ನಲ್ಲಿ ಬೆಳಕಿಗೆ ಬಂದದ್ದು ಇದೇ ದೋಷ. ಡೈರೆಕ್ಟರಿಯ ಹೆಸರನ್ನು ಹಿಡಿದಿಡಬೇಕಾದ ವೇರಿಯಬಲ್ ಕೆಲವು ಸಂದರ್ಭಗಳಲ್ಲಿ ಖಾಲಿಯಾಗಿ ಉಳಿಯುತ್ತಿತ್ತು. ಉಳಿದದ್ದು ಓರೆಗೆರೆ ಮತ್ತು ನಕ್ಷತ್ರ. ಬಳಕೆದಾರರು ಅಳಿಸಬಲ್ಲ ಎಲ್ಲ ಫೈಲ್‌ಗಳೂ, ಜೋಡಿಸಿಟ್ಟ ಬ್ಯಾಕಪ್ ಡಿಸ್ಕ್‌ನಲ್ಲಿದ್ದವೂ ಸೇರಿ, ಹೋದವು. ಬರೆದವರು ಆ ಸಾಲಿನ ಮೇಲೆ 'ಭಯಂಕರ' ಎಂಬರ್ಥದ ಟಿಪ್ಪಣಿಯನ್ನೂ ಹಾಕಿದ್ದರು. ವೇರಿಯಬಲ್ ಹುಟ್ಟಿಯೇ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲಬೇಕೆಂದು ಹೇಳುವ 'ಸೆಟ್ -ಯು' ಅಥವಾ ವೇರಿಯಬಲ್‌ಗೆ ಪ್ರಶ್ನಾರ್ಥಕ ಚಿಹ್ನೆ ಸೇರಿಸುವ ಶೆಲ್‌ನ ರೂಪ, ಎರಡೂ ನಮಗೆ ಲಭ್ಯವಿವೆ. ಎರಡನೆಯದನ್ನು ನಾನು ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ವೇರಿಯಬಲ್ ಹುಟ್ಟಿಯೂ ಬರಿದಾಗಿದ್ದರೆ ಅದನ್ನೂ ಹಿಡಿಯುವಂತೆ ಅದನ್ನು ಬರೆಯಬಹುದು.

ಆಳವಾದ ಫೋಲ್ಡರ್‌ಗಳ ತೆರವಿಗೆ, ಫೈಲ್‌ಗಳನ್ನು ಹುಡುಕುವ ಫೈಂಡ್ ಕಮಾಂಡ್ ಬೇಕು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಫೈಂಡ್‌ನಲ್ಲಿ ಮೈನಸ್‌ನಿಂದ ಆರಂಭವಾಗುವ ಪದಗಳು ಕಾಣಲು ಆಪ್ಷನ್‌ಗಳಂತಿದ್ದರೂ ವಾಸ್ತವವಾಗಿ ಆಪ್ಷನ್‌ಗಳಲ್ಲ. ಅವು ಒಂದು ತಾರ್ಕಿಕ ವಾಕ್ಯದ ಪದಗಳು, ಎಡದಿಂದ ಬಲಕ್ಕೆ ಒಂದರ ನಂತರ ಒಂದು ಪರೀಕ್ಷೆಯಾಗುತ್ತಾ ಹೋಗುವಂಥವು. 'ಫೈಂಡ್, ಇಲ್ಲಿಂದ, ಹೆಸರು ಟಿಲ್ಡೆಯಿಂದ ಮುಗಿದರೆ, ಅಳಿಸು' ಎಂಬ ಕ್ರಮದಲ್ಲಿ ಬರೆದರೆ ಟಿಲ್ಡೆ ಫೈಲ್‌ಗಳು ಮಾತ್ರ ಹೋಗುತ್ತವೆ. '-ಡಿಲೀಟ್' ಅನ್ನು ಮುಂದಕ್ಕೆ ತಂದು '-ನೇಮ್' ಅನ್ನು ಹಿಂದಕ್ಕೆ ಹಾಕಿದರೆ, ಮೊದಲು ಎಲ್ಲವನ್ನೂ ಅಳಿಸಿ ಆಮೇಲೆ ಹೆಸರು ಹೋಲುತ್ತದೆಯೇ ಎಂದು ಕೇಳುತ್ತದೆ. ಬೇರೆ ಕಮಾಂಡ್‌ಗಳಲ್ಲಿ ಆಪ್ಷನ್‌ಗಳ ಕ್ರಮ ಹೆಚ್ಚಾಗಿ ಮುಖ್ಯವಲ್ಲದ್ದರಿಂದ ಈ ತಪ್ಪು ಅನುಭವಿಗಳ ಕೈಯಿಂದಲೂ ಆಗುತ್ತದೆ. ಅದಕ್ಕಾಗಿ ಮೊದಲು '-ಡಿಲೀಟ್' ಇರಬೇಕಾದ ಜಾಗದಲ್ಲಿ '-ಪ್ರಿಂಟ್' ಇಟ್ಟು ಓಡಿಸಿ, ಬಂದ ಪಟ್ಟಿಯನ್ನು ಕಣ್ಣಾರೆ ಓದಿ, ಬಳಿಕ ಆ ಒಂದು ಪದವನ್ನು ಮಾತ್ರ ಬದಲಿಸಬೇಕು. ಸಾಲನ್ನು ಹೊಸದಾಗಿ ಟೈಪ್ ಮಾಡಬಾರದು. ಬಾಣದ ಕೀಲಿಯಿಂದ ಹಿಂದಿನದನ್ನೇ ಕರೆಯಬೇಕು. ಇಲ್ಲದಿದ್ದರೆ ಪರೀಕ್ಷಿಸಿದ ಸಾಲು ಒಂದು, ಓಡಿಸಿದ ಸಾಲು ಇನ್ನೊಂದು ಆಗುತ್ತದೆ.

ಫೈಂಡ್‌ನಲ್ಲಿ ಇನ್ನೆರಡು ಸಣ್ಣ ಬಲೆಗಳಿವೆ. ನಕ್ಷತ್ರವಿರುವ ಹೆಸರಿನ ಮಾದರಿಯನ್ನು ಉದ್ಧರಣ ಚಿಹ್ನೆಗಳಲ್ಲಿ ಇಡದಿದ್ದರೆ ಶೆಲ್ ಅದನ್ನು ಮೊದಲೇ ಬಿಡಿಸುತ್ತದೆ. ಇದ್ದ ಜಾಗದಲ್ಲಿ ಹೋಲುವ ಫೈಲ್ ಒಂದೇ ಇದ್ದರೆ ಯಾವ ದೋಷವನ್ನೂ ತೋರಿಸದೆ ಆ ಒಂದೇ ಹೆಸರನ್ನು ಎಲ್ಲೆಡೆ ಹುಡುಕಿ ಸುಮ್ಮನಾಗುತ್ತದೆ. ಎರಡನೆಯದು ದಿನಗಳ ಎಣಿಕೆ. '-ಎಂಟೈಮ್ +30' ಎಂದರೆ 30 ದಿನ ದಾಟಿದವು ಎಂದು ಅನೇಕರು ತಿಳಿಯುತ್ತಾರೆ. ಫೈಂಡ್ 24 ಗಂಟೆಗಳ ಪೂರ್ಣ ಅವಧಿಗಳನ್ನು ಎಣಿಸಿ ಉಳಿದ ಭಾಗವನ್ನು ಬಿಟ್ಟುಬಿಡುವುದರಿಂದ ಅದಕ್ಕೆ ಸಿಗುವುದು ಕನಿಷ್ಠ 31 ದಿನ ಹಳೆಯವು. ಈ ತಪ್ಪು ಉಳಿಸುವ ಕಡೆಗೇ ಇರುವುದರಿಂದ ಅಪಾಯವಿಲ್ಲ. ಆದರೆ ಒಂದು ದಿನದ ಲೆಕ್ಕ ಏಕೆ ತಪ್ಪಿತೆಂದು ಹುಡುಕಿ ತಲೆ ಕೆಡಿಸಿಕೊಂಡವರಿದ್ದಾರೆ.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಹೆಸರಿನಲ್ಲಿ ಖಾಲಿ ಜಾಗವಿರುವುದು ನಮ್ಮಲ್ಲಿ ಸಾಮಾನ್ಯ. ಫೈಂಡ್‌ನ ಪಟ್ಟಿಯನ್ನು, ಬಂದ ಹೆಸರುಗಳನ್ನು ಇನ್ನೊಂದು ಕಮಾಂಡ್‌ಗೆ ದಾಟಿಸುವ ಎಕ್ಸ್‌ಆರ್ಗ್ಸ್‌ಗೆ ಹಾಗೆಯೇ ಕೊಟ್ಟರೆ 'ಕರೆಕ್ಷನ್ ಆದ ಫೈನಲ್' ಎಂಬುದು ಮೂರು ಫೈಲ್‌ಗಳಾಗಿ ಒಡೆಯುತ್ತದೆ. '-ಪ್ರಿಂಟ್0' ಮತ್ತು '-0' ಎಂಬ ಜೋಡಿ ಇದನ್ನು ತಡೆಯುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಈ ಜೋಡಿಗೆ 2024ರ ಪಾಸಿಕ್ಸ್ ಮಾನಕದಲ್ಲಿ ಅಧಿಕೃತ ಸ್ಥಾನವೂ ಸಿಕ್ಕಿತು. ಇನ್ನೊಂದು ವಿಷಯ ಹೆಸರಿನ ಉದ್ದ. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಕನ್ನಡದ ಪ್ರತಿಯೊಂದು ಸಂಕೇತ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. 'ಕನ್ನಡ' ಎಂಬ ಪದವೇ ಒತ್ತಕ್ಷರದ ವಿರಾಮವೂ ಸೇರಿ 15 ಬೈಟ್. ಆದ್ದರಿಂದ 85 ಸಂಕೇತಗಳಿಗೆ ಹೆಸರು ತುಂಬಿಹೋಗುತ್ತದೆ, ಮತ್ತು ಬ್ಯಾಕಪ್ ಸ್ಕ್ರಿಪ್ಟ್ ಅದಕ್ಕೆ ದಿನಾಂಕವನ್ನೋ ಬಾಲವನ್ನೋ ಸೇರಿಸಲು ಹೋದಾಗ ಹೆಸರು ತೀರಾ ಉದ್ದವಾಯಿತೆಂಬ ದೋಷ ಬರುತ್ತದೆ. ಲೇಖನದ ಇಡೀ ಶೀರ್ಷಿಕೆಯನ್ನೇ ಫೈಲ್ ಹೆಸರಾಗಿ ಇಡುವ ಪತ್ರಿಕಾ ಕಚೇರಿಗಳಲ್ಲಿ ಇದು ಅಪರೂಪವಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಮ್ಯಾಕ್‌ನಿಂದ ಬರುವ ಹೆಸರುಗಳದ್ದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. 'ಕೋಲಾರ' ಎಂಬ ಹೆಸರಿನ ಓತ್ವ ಲಿನಕ್ಸ್‌ನಲ್ಲಿ ಟೈಪ್ ಮಾಡಿದಾಗ ಸಾಮಾನ್ಯವಾಗಿ ಒಂದೇ ಸಂಕೇತ. ಆ ಮ್ಯಾಕ್‌ಗಳಲ್ಲಿ ಅದು ಮೂರು ಸಂಕೇತಗಳಾಗಿ ಬಿಡಿಸಿಕೊಳ್ಳುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ ಬೇರೆ. ಇದರ ಫಲವಾಗಿ ಒಂದೇ ಹೆಸರಿನ ಎರಡು ಫೋಲ್ಡರ್‌ಗಳು ಬ್ಯಾಕಪ್‌ನಲ್ಲಿ ಅಕ್ಕಪಕ್ಕ ಕಾಣಿಸುತ್ತವೆ. ಫೈಂಡ್‌ಗೆ ಕೀಲಿಮಣೆಯಿಂದ ಟೈಪ್ ಮಾಡಿದ ಹೆಸರು ಅವುಗಳಲ್ಲಿ ಒಂದಕ್ಕೆ ಮಾತ್ರ ಹೊಂದುತ್ತದೆ. ಆರ್‌ಸಿಂಕ್‌ನ '--ಐಕಾನ್ವ್' ಆಪ್ಷನ್ ಪ್ರತಿ ಮಾಡುವಾಗಲೇ ಹೆಸರುಗಳನ್ನು ಒಂದು ರೂಪಕ್ಕೆ ತರಬಲ್ಲದು. ಈಗಾಗಲೇ ಎರಡಾಗಿರುವಲ್ಲಿ, ಒಳಗಿನ ಫೈಲ್‌ಗಳನ್ನು ಹೋಲಿಸಿ ನೋಡದೆ ಒಂದನ್ನು ಅಳಿಸಬಾರದು, ಏಕೆಂದರೆ ಹೊಸ ತಿದ್ದುಪಡಿಗಳು ಎರಡರಲ್ಲೂ ಹಂಚಿಹೋಗಿರುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಅಥವಾ ವರ್ಡ್ ಫೈಲ್‌ನಲ್ಲಿ ಬಂದ ಕಮಾಂಡ್‌ಗಳ ಬಗ್ಗೆ ಒಂದು ಮಾತು. ವರ್ಡ್‌ನಂಥ ತಂತ್ರಾಂಶಗಳು ಮೈನಸ್ ಅನ್ನು ಉದ್ದನೆಯ ಗೆರೆಯಾಗಿ ತಾವೇ ತಿದ್ದಿಬಿಡುವುದುಂಟು. ಪ್ರಶ್ನೆ ಕೇಳಿ ಅಳಿಸು ಎಂಬ ಉದ್ದೇಶದಿಂದ ಬರೆದ 'ಆರ್‌ಎಂ -ಐ' ಹೀಗೆ ಬದಲಾದರೆ, ಆ ಗೆರೆ ಮತ್ತು ಅಕ್ಷರವನ್ನು ಆರ್‌ಎಂ ಒಂದು ಫೈಲ್ ಹೆಸರೆಂದು ತಿಳಿದು, ಅಂಥ ಫೈಲ್ ಇಲ್ಲವೆಂದು ದೂರಿ, ಉಳಿದವುಗಳನ್ನು ಕೇಳದೆ ಅಳಿಸುತ್ತದೆ. ರಕ್ಷಣೆಯ ಆಪ್ಷನ್ ಮಾಯವಾದದ್ದು ತಿಳಿಯುವುದು ಆ ದೂರಿನ ಸಾಲನ್ನು ಓದಿದವರಿಗೆ ಮಾತ್ರ.

ಕೊನೆಯದಾಗಿ, ರಾತ್ರಿಯ ಬ್ಯಾಕಪ್‌ಗಳನ್ನು ಎಷ್ಟು ಕಾಲ ಇಡಬೇಕು ಎಂಬುದು. ಕೈಯಲ್ಲೇ ಮಾಡುವವರು ಹೆಸರಿನಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು. ನಾವು ರೂಢಿಯಲ್ಲಿ ಬರೆಯುವ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆದರೆ ಪಟ್ಟಿ ಎಂದಿಗೂ ಕಾಲಾನುಕ್ರಮಕ್ಕೆ ಬರುವುದಿಲ್ಲ, 'ಕೊನೆಯ ಏಳನ್ನು ಬಿಟ್ಟು ಉಳಿದವನ್ನು ಅಳಿಸು' ಎಂಬ ಸ್ಕ್ರಿಪ್ಟ್ ತಪ್ಪು ಏಳನ್ನು ಉಳಿಸುತ್ತದೆ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ತಂತ್ರಾಂಶ ಬಳಸುವವರಿಗೆ '--ಕೀಪ್-ಡೈಲಿ', '--ಕೀಪ್-ವೀಕ್ಲಿ', '--ಕೀಪ್-ಮಂತ್ಲಿ' ಎಂಬ ಉದ್ದನೆಯ ಆಪ್ಷನ್‌ಗಳಿವೆ, '--ಡ್ರೈ-ರನ್' ಕೂಡ ಇದೆ. ಇಲ್ಲಿ ಅಳಿಸಬೇಕಾದದ್ದನ್ನು ಹೇಳುವುದಿಲ್ಲ, ಉಳಿಸಬೇಕಾದದ್ದನ್ನು ಹೇಳುತ್ತೇವೆ. ನನ್ನ ದೃಷ್ಟಿಯಲ್ಲಿ ತೆರವಿನ ಯಾವ ಉಪಕರಣಕ್ಕೂ ಇದೇ ಸರಿಯಾದ ಮಾದರಿ. ರೆಸ್ಟಿಕ್‌ನ ಫರ್ಗೆಟ್ ಮಾತ್ರ ಕೊಟ್ಟರೆ ಜಾಗ ತೆರವಾಗುವುದಿಲ್ಲ, ಪ್ರೂನ್ ಕೂಡ ಬೇಕು; ಬೋರ್ಗ್ 1.2ರಿಂದ ಪ್ರೂನ್ ನಂತರ ಕಾಂಪ್ಯಾಕ್ಟ್ ಬೇಕು.

ಹಳೆಯದನ್ನು ತೆಗೆಯುವ ಮುನ್ನ ಹೊಸದು ನಿಜವಾಗಿಯೂ ಇದೆಯೇ ಎಂದು ನೋಡಬೇಕು. 2017ರ ಜನವರಿ 31ರಂದು ಪ್ರೋಗ್ರಾಮ್‌ಗಳ ಮೂಲಪಠ್ಯ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ಎರಡನೆಯ ಸರ್ವರ್ ಎಂದು ತಿಳಿದು ಮುಖ್ಯ ಸರ್ವರ್‌ನ ಡೇಟಾಬೇಸ್ ಡೈರೆಕ್ಟರಿಯನ್ನು ಅಳಿಸಿದರು. ದಿನದ ಬ್ಯಾಕಪ್‌ಗಾಗಿ ನೋಡಿದರೆ ಅದು ಇರಲೇ ಇಲ್ಲ: ಡೇಟಾಬೇಸ್ 9.6 ಆವೃತ್ತಿಯದ್ದು, ಪ್ರತಿ ತೆಗೆಯುವ ಪ್ರೋಗ್ರಾಮ್ 9.2ರದ್ದು, ಆದ್ದರಿಂದ ಅದು ಪ್ರತಿ ದಿನವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ನಿಮ್ಮ ತೆರವಿನ ಸ್ಕ್ರಿಪ್ಟ್ ದಿನಗಳನ್ನು ಮಾತ್ರ ಎಣಿಸುತ್ತಿದ್ದರೆ, ಬ್ಯಾಕಪ್ ನಿಂತುಹೋದ ಮೇಲೂ ಅದು ತನ್ನ ಕೆಲಸ ಮಾಡುತ್ತಾ, ಒಂದು ತಿಂಗಳಲ್ಲಿ ಕೊನೆಯ ಒಳ್ಳೆಯ ಪ್ರತಿಯನ್ನೂ ತೆಗೆದುಬಿಡುತ್ತದೆ. ಇತ್ತೀಚಿನ ಪ್ರತಿಯ ಗಾತ್ರ ಮತ್ತು ದಿನಾಂಕ ಸರಿಯಿಲ್ಲದಿದ್ದರೆ ಏನನ್ನೂ ಅಳಿಸದೆ ನಿಲ್ಲುವಂತೆ ಎರಡು ಸಾಲು ಸೇರಿಸುವುದು ಕಷ್ಟವಲ್ಲ.

ಉಪನ್ಯಾಸದ ನಂತರ ಮುದ್ರಣಾಲಯವೊಂದರಿಂದ ಬಂದಿದ್ದವರು, ಗಿಗಾಬೈಟ್‌ಗಟ್ಟಲೆ ಅಳಿಸಿದರೂ ಡಿಸ್ಕ್‌ನ ಜಾಗದ ಲೆಕ್ಕ ಹೇಳುವ ಡಿಎಫ್ ಕಮಾಂಡ್ ಡಿಸ್ಕ್ ತುಂಬಿದೆ ಎಂದೇ ಹೇಳುತ್ತದೆ, ಇದು ಹೇಗೆ ಸರ್, ಎಂದು ಕೇಳಿದರು. ಯಾವುದೋ ಪ್ರೋಗ್ರಾಮ್ ಆ ಫೈಲ್ ಅನ್ನು ಇನ್ನೂ ತೆರೆದಿಟ್ಟುಕೊಂಡಿದ್ದರೆ ಹೆಸರು ಮಾತ್ರ ಹೋಗಿರುತ್ತದೆ, ಜಾಗ ಬಿಡುಗಡೆಯಾಗಿರುವುದಿಲ್ಲ. 'ಎಲ್‌ಎಸ್‌ಓಎಫ್ +ಎಲ್1' ಎಂದು ಕೊಟ್ಟರೆ ಅಂಥವುಗಳ ಪಟ್ಟಿ ಸಿಗುತ್ತದೆ. ಗಮನಿಸಿ, ಇಲ್ಲಿ ಮೈನಸ್ ಅಲ್ಲ, ಪ್ಲಸ್; ನಿಯಮಕ್ಕೆ ಹೊರತಾದ ಹಳೆಯ ಕಮಾಂಡ್‌ಗಳಲ್ಲಿ ಇದೂ ಒಂದು. ಆ ಪ್ರೋಗ್ರಾಮ್ ಅನ್ನು ಮರುಆರಂಭಿಸಿದರೆ ಜಾಗ ಮರಳುತ್ತದೆ. ಹಾಗೆ ಮಾಡುವ ಮುಂಚೆ, ಅಳಿಸಿದ್ದು ಬೇಕಾದ ಫೈಲ್ ಆಗಿತ್ತೇ ಎಂದು ಯೋಚಿಸಲು ಅದು ಕೊನೆಯ ಅವಕಾಶವೂ ಹೌದು, ಏಕೆಂದರೆ ಪ್ರೋಗ್ರಾಮ್ ಓಡುತ್ತಿರುವ ತನಕ 'ಪ್ರಾಕ್' ಡೈರೆಕ್ಟರಿಯಲ್ಲಿ ಅದರ ಸಂಖ್ಯೆಯ ಅಡಿಯಲ್ಲಿರುವ 'ಎಫ್‌ಡಿ' ಫೋಲ್ಡರ್‌ನಿಂದ ಆ ಫೈಲ್ ಅನ್ನು ಸಿಪಿಯಿಂದಲೇ ಬೇರೆಡೆಗೆ ಪ್ರತಿ ಮಾಡಿಕೊಳ್ಳಬಹುದು.